ಹಂತ ತೋರಿಸದ ಹೆಂಡತಿ

ಗಣಿತ ಕಲಿಸುವವನಿಗೆ ಸಂಶಯ ಹುಟ್ಟುಗುಣವಾಗಿರಬೇಕೆಂದೇನಿಲ್ಲ, ಕೆಲಸಕ್ಕೆ ಸೇರಿದ ಮೇಲೆ ತಾನಾಗಿ ಬರುತ್ತದೆ. ಕನ್ನಡದ ಮಾಸ್ತರರು ಹುಡುಗ ಚೆಂದ ಬರೆದರೆ ಸಂತೋಷಪಡುತ್ತಾರೆ. ವಿಜ್ಞಾನದವರು ಹೂವಿನ ಚಿತ್ರಕ್ಕೆ ನೆಟ್ಟಗೆ ಹೆಸರು ಬರೆದರೆ ಸಮಾಧಾನಪಡುತ್ತಾರೆ. ನಮ್ಮ ಜಾತಿ ಬೇರೆ. ಹುಡುಗನ ಉತ್ತರ ಸರಿ ಬಂದಿದ್ದರೆ ಮೊದಲು ನಮ್ಮ ಹುಬ್ಬು ಮೇಲೇರುತ್ತದೆ. ತಪ್ಪು ಉತ್ತರಕ್ಕೆ ಸಾಮಾನ್ಯವಾಗಿ ಒಂದು ಪ್ರಾಮಾಣಿಕತೆ ಇರುತ್ತದೆ, ಅದು ಅವನದೇ ಸ್ವಂತದ್ದು. ಸರಿ ಉತ್ತರ ಮಾತ್ರ ಎಲ್ಲಿಂದ ಬಂತು, ಯಾರ ಸಂಗಡ ಬಂತು, ಯಾವ ದಾರಿ ಹಿಡಿದು ಬಂತು ಎಂದು ವಿಚಾರಿಸಲೇಬೇಕು. ಅದಕ್ಕೇ ನಾವು 'ಹಂತ ತೋರಿಸು' ಎನ್ನುವುದು. ಒಮ್ಮೆ ಒಂದು ಮನೆಯ ಜನರ ವಯಸ್ಸು ಕೊಟ್ಟು ಸರಾಸರಿ ಕೇಳಿದ್ದೆ. ಒಬ್ಬ ಹುಡುಗ ಎಲ್ಲವನ್ನೂ ಕೂಡಿಸಿ, ಭಾಗಿಸುವುದನ್ನು ಮರೆತು, ಆ ಮನೆಯ ಸರಾಸರಿ ವಯಸ್ಸನ್ನು ಅಜ್ಜನ ವಯಸ್ಸಿಗಿಂತ ಹೆಚ್ಚು ಮಾಡಿಟ್ಟಿದ್ದ. "ಇದು ಹೆಂಗ ಆಗ್ತೈತೋ?" ಎಂದೆ. "ಸರ್, ಅವರ ಮನ್ಯಾಗ ಎಲ್ಲಾರೂ ಭಾಳ ವರ್ಷ ಬಾಳ್ತಾರ್ರಿ," ಎಂದ. ಅವನಿಗೆ ಅಂಕ ಕೊಡಲಾಗಲಿಲ್ಲ, ಆದರೆ ಅವನ ಮೇಲೆ ನನಗೆ ಇವತ್ತಿಗೂ ಪೂರ್ತಿ ನಂಬಿಕೆ.

ಈ ಗುಣ ಶಾಲೆಯ ಗೇಟಿನೊಳಗೇ ಉಳಿದಿದ್ದರೆ ತೊಂದರೆ ಇರಲಿಲ್ಲ. ಅದು ನನ್ನ ಸೈಕಲ್ ಮೋಟಾರಿನ ಹಿಂದೆ ಕೂತು ಮನೆಗೂ ಬರುತ್ತದೆ. ನಮ್ಮ ಇಂಡಿ ಊರಿನ ಸಂತೆಯಲ್ಲಿ ಬದನೆಕಾಯಿಯವಳು ತಾನಾಗಿ ಎರಡು ಹೆಚ್ಚಿಗೆ ಹಾಕಿದರೆ ನಾನು ಚೀಲ ಬಗ್ಗಿಸಿ ಕೆಳಗಿನವನ್ನು ನೋಡುತ್ತೇನೆ. ನೆಂಟರು 'ಆರಾಮ ಅದೀವ್ರಿ' ಎಂದರೆ 'ಹೆಂಗ?' ಎಂದು ಕೇಳಿಬಿಡುತ್ತೇನೆ. ನನ್ನ ಹೆಂಡತಿ ಮಹಾದೇವಿ ಇದಕ್ಕೆ ಒಗ್ಗಿಕೊಂಡಿದ್ದಳು. ಅವಳು ಇಲ್ಲೇ ಹತ್ತಿರದ ಲಚ್ಯಾಣದವಳು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ಕಡಿಮೆ, ಕೆಲಸ ಚೊಕ್ಕ, ಮುಖದಲ್ಲಿ ಮುಚ್ಚುಮರೆಯಿಲ್ಲ. ಮಗಳ ಮದುವೆಯಾಗಿ ಮನೆಯಲ್ಲಿ ನಾವಿಬ್ಬರೇ ಉಳಿದ ಮೇಲೂ ಅವಳ ದಿನಚರಿಯನ್ನು ನಾನು ಕಣ್ಣು ಮುಚ್ಚಿ ಹೇಳಬಹುದಿತ್ತು. ಕಳೆದ ವರ್ಷ ಲಿಂಬಿಯ ಗಿಡಗಳು ಹೂ ಬಿಡುವ ಹೊತ್ತಿಗೆ ಆ ದಿನಚರಿಯಲ್ಲಿ ಹಂತಗಳು ಕಾಣೆಯಾಗತೊಡಗಿದವು.

ಮೊದಲನೆಯದು ಪಲ್ಯದ ಬಟ್ಟಲು. ನಮ್ಮ ಗೋಡೆಗೆ ಗೋಡೆ ಹಚ್ಚಿಕೊಂಡಿರುವುದು ರೆಹಾನಾಳ ಮನೆ. ಮುದ್ದೇಬಿಹಾಳದಿಂದ ಸೊಸೆಯಾಗಿ ಬಂದ ಹುಡುಗಿ, ಬಿ.ಎಸ್ಸಿ. ಓದಿದವಳು. ಗಂಡನದು ಲಿಂಬಿಕಾಯಿಯ ವ್ಯಾಪಾರ. ಮಹಾದೇವಿಗೂ ಅವಳಿಗೂ ಪಲ್ಯ, ಸಾರು, ಶೇಂಗಾ ಹಿಂಡಿಗಳ ಕೊಡುಕೊಳ್ಳುವಿಕೆ ಮೊದಲಿನಿಂದಲೂ ಇತ್ತು. ಆದರೆ ಈಗ ನಾನು ಶಾಲೆಯಿಂದ ಬರುವ ಹೊತ್ತಿಗೆ ಮಹಾದೇವಿ ದಿನಾಲೂ ಬಟ್ಟಲು ಹಿಡಿದು ಆ ಮನೆಯಿಂದ ಹೊರಬರುತ್ತಿದ್ದಳು, ಮತ್ತು ಬಟ್ಟಲು ಖಾಲಿ, ಪಲ್ಯ ಹೋದ ಗುರುತೂ ಇಲ್ಲ, ಬಂದ ಗುರುತೂ ಇಲ್ಲ. ಎರಡನೆಯದು ನನ್ನ ಕೈವಾರ. ಕಂಪಾಸಿನ ಪೆಟ್ಟಿಗೆಯಲ್ಲಿ ಇದ್ದದ್ದು ಒಂದು ದಿನ ಮಾಯ, ಮರುದಿನ ಇದ್ದಲ್ಲೇ ಹಾಜರು. ಅದರ ತುದಿಗೆ ಸಿಕ್ಕಿಸಿದ್ದ ಪೆನ್ಸಿಲ್ ಮಾತ್ರ ನನ್ನದಲ್ಲ. ಮೂರನೆಯದು ಒಂದು ಮಾತು. ಸಂಜೆ ಚಹಾ ಕೊಡುತ್ತ ಮಹಾದೇವಿ ಕೇಳಿದಳು: "ಏನ್ರಿ, ಸಂಭವನೀಯತೆ ಸೊನ್ನಿ ಅಂದ್ರ ಅದು ಆಗೂದೇ ಇಲ್ಲ ಅಂತೇನ್ರಿ?"

ನಾನು ಬಸಿಯಲ್ಲಿದ್ದ ಚಹಾ ಚೆಲ್ಲಿಕೊಂಡೆ. "ಆ ಶಬ್ದ ಎಲ್ಲಿ ಕೇಳಿದಿ?"

"ಟೀವಿಯೊಳಗ."

"ಯಾವ ಕಾರ್ಯಕ್ರಮದೊಳಗ?"

"ಅಡಗಿ ಕಾರ್ಯಕ್ರಮದೊಳಗ," ಎಂದು ಒಳಗೆ ಹೋದಳು. ನನ್ನ ಅನುಭವದಲ್ಲಿ ಒಗ್ಗರಣೆಗೂ ಸಂಭವನೀಯತೆಗೂ ಸಂಬಂಧವಿಲ್ಲ. ಸಾಸಿವೆ ಸಿಡಿದೇ ಸಿಡಿಯುತ್ತದೆ.

ಎಲ್ಲಕ್ಕೂ ಮಿಗಿಲಾದದ್ದು ರೊಟ್ಟಿಯ ಪ್ರಕರಣ. ಒಂದು ಭಾನುವಾರ ಶಾಲೆಯ ಕೆಲವು ಗೆಳೆಯರು ಊಟಕ್ಕೆ ಬಂದಿದ್ದರು. ಅವರಲ್ಲಿ ನಮ್ಮ ಡ್ರಿಲ್ ಮಾಸ್ತರ ಬಾಗವಾನರೂ ಒಬ್ಬರು. ಮೈಕಟ್ಟಿಗೆ ತಕ್ಕ ಹಸಿವು ಇರುವ ಮನುಷ್ಯ. ನನ್ನನ್ನೂ ಸೇರಿಸಿ ಕೂತವರು ಐದು ಜನ. ಊಟ ಮುಗಿಯುತ್ತಿದ್ದಂತೆ ಬುಟ್ಟಿಯಿಂದ ಖಾಲಿಯಾದ ರೊಟ್ಟಿಗಳನ್ನು ಲೆಕ್ಕ ಹಾಕಿ ನಾನು ಅಡಿಗೆಮನೆಯ ಕಡೆಗೆ ಮುಖ ಮಾಡಿ ಕೂಗಿದೆ: "ಐದು ಮಂದಿಗೆ ಹದಿನೈದು ಹೋದವು ನೋಡು. ಸರಾಸರಿ ಮೂರು. ಮುಂದಿನ ಸಲ ಒಬ್ಬರಿಗೆ ಮೂರರಂಗ ಮಾಡಿದ್ರ ಬರೋಬರಿ ಆಗ್ತೈತಿ."

ಒಳಗಿನಿಂದ ಉತ್ತರ ಬಂತು: "ಮೂರು ತಿಂದಾವರು ಅಲ್ಲಿ ಯಾರದಾರ್ರಿ? ನಿಮ್ಮಾಗ ನಾಕು ಮಂದಿ ಎರಡೆರಡು ತಿಂದೀರಿ, ಬಾಗವಾನ ಸರ್ ಒಬ್ಬರೇ ಏಳು. ಏರಿಕಿ ಕ್ರಮದಾಗ ಕುಂದ್ರಿಸಿ ನೋಡ್ರಿ, ನಟ್ಟ ನಡುವ ಕುಂತಾವಂದು ಎರಡ. ಭಾಳ ಮಂದಿ ತಿಂದದ್ದೂ ಎರಡ. ನಿಮ್ಮ ಮೂರು ಯಾರ ತಾಟಿನ್ಯಾಗೂ ಇಲ್ಲ."

ಬಾಗವಾನರು ಎಂಟನೆಯದಕ್ಕೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಮಹಾದೇವಿ ಹೊರಗೆ ಬಂದು, "ಅಯ್ಯ, ನೀವು ತಗೋರಿ ಸರ್, ನಾ ಲೆಕ್ಕದ ಮಾತು ಹೇಳಿದೆ," ಎಂದು ತಾನೇ ಬಡಿಸಿದಳು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಮಧ್ಯಾಂಕ ಕಂಡುಹಿಡಿಯುವ ಮೊದಲು ಪ್ರಾಪ್ತಾಂಕಗಳನ್ನು ಏರಿಕೆ ಕ್ರಮದಲ್ಲಿ ಬರೆಯಬೇಕೆಂದು ನಾನು ವರ್ಷವಿಡೀ ಬಡಿದುಕೊಂಡರೂ ಹತ್ತನೇ ತರಗತಿಯ ಹುಡುಗರು ಮರೆಯುತ್ತಾರೆ. ರೊಟ್ಟಿ ಬಡಿಯುತ್ತಿದ್ದ ಹೆಂಗಸು ಮರೆಯಲಿಲ್ಲ. ಬಹುಲಕವನ್ನೂ, ಅಂದರೆ ಹೆಚ್ಚು ಸಲ ಬಂದ ಸಂಖ್ಯೆಯನ್ನೂ, ಬಿಡಲಿಲ್ಲ. ಉತ್ತರ ಸರಿ ಇತ್ತು. ಹಂತ ಎಲ್ಲಿ?

ಮರುದಿನ ಶಾಲೆಯಲ್ಲಿ ಬಿಡುವಿನ ಹೊತ್ತಿನಲ್ಲಿ ಇದನ್ನು ಪ್ರಮೇಯದ ಹಾಗೆ ಬಿಡಿಸಲು ಕೂತೆ. ದತ್ತ: ಖಾಲಿ ಬಟ್ಟಲು, ಕೈವಾರ, ಸಂಭವನೀಯತೆ, ರೊಟ್ಟಿ. ಸಾಧನೀಯ: ಮಹಾದೇವಿ ನನ್ನಿಂದ ಏನೋ ಮುಚ್ಚಿಡುತ್ತಿದ್ದಾಳೆ. ಅಷ್ಟನ್ನು ಸುಲಭವಾಗಿ ಸಾಧಿಸಿದೆ. ಆದರೆ ಏನು ಎನ್ನುವುದು ತಿಳಿಯಲಿಲ್ಲ. ಪಕ್ಕದಲ್ಲಿದ್ದ ಬಾಗವಾನರಿಗೆ ಹೇಳಿದೆ. ಅವರು ಕೊರಳಿನ ಸೀಟಿಯನ್ನು ತಿರುವುತ್ತ ಬಹಳ ಹೊತ್ತು ವಿಚಾರ ಮಾಡಿದರು.

"ಸರ್, ಸಿಟ್ಟಾಗಬ್ಯಾಡ್ರಿ. ಈ ವಯಸ್ಸಿನ್ಯಾಗ ಮನಿ ಹೆಣ್ಣಮಗಳು ಒಮ್ಮಿಗೆ ಲೆಕ್ಕ ಕಲಿಯಾಕತ್ಯಾಳ ಅಂದ್ರ, ಅದು ಪಾಲಿನ ಲೆಕ್ಕ ಇರ್ತೈತ್ರಿ. ತವರಮನಿ ಹೊಲ ಐತಲ್ರಿ?"

ಐತಿ. ಲಚ್ಯಾಣದಲ್ಲಿ ಮಹಾದೇವಿಯ ತಮ್ಮ ಗುರುಪಾದ ಲಿಂಬಿ ತೋಟ ಮಾಡಿಕೊಂಡಿದ್ದಾನೆ. ಅಕ್ಕ-ತಮ್ಮ ಬಹಳ ಹೊಂದಿಕೆಯವರು. ಹಬ್ಬಕ್ಕೆ ಅವನು ಬಂದರೆ ಮನೆ ತುಂಬಿದ ಹಾಗಾಗುತ್ತದೆ. ಕೈವಾರ ಭೂಮಿ ಅಳೆಯಲು, ಸಂಭವನೀಯತೆ ಕೋರ್ಟಿನಲ್ಲಿ ಗೆಲ್ಲುವುದಕ್ಕೆ, ಏರಿಕೆ ಕ್ರಮ ವಾರಸುದಾರರನ್ನು ಸಾಲಾಗಿ ನಿಲ್ಲಿಸುವುದಕ್ಕೆ. ಪ್ರತಿ ಹಂತವೂ ಒಂದಕ್ಕೊಂದು ಎಷ್ಟು ಚೆನ್ನಾಗಿ ಕೂಡಿಕೊಂಡಿತೆಂದರೆ ನನಗೇ ಮೆಚ್ಚಿಗೆಯಾಯಿತು. ಇಂಥ ಹೊಂದಾಣಿಕೆಯ ಉತ್ತರವನ್ನು ಹುಡುಗನೊಬ್ಬ ಬರೆದಿದ್ದರೆ ನಾನು ತಕ್ಷಣ ಅನುಮಾನಿಸುತ್ತಿದ್ದೆ. ನನ್ನದೇ ಆದ್ದರಿಂದ ಪೂರ್ತಿ ಅಂಕ ಕೊಟ್ಟುಕೊಂಡೆ.

ಒಳ್ಳೆಯ ಸಂಬಂಧ ಕೆಡುವ ಮೊದಲೇ ತಡೆಯಬೇಕೆಂದು ಮುಂದಿನ ರಜೆಯಂದೇ ಟೆಂಪೋ ಹತ್ತಿ ಲಚ್ಯಾಣಕ್ಕೆ ಹೋದೆ. ಗುರುಪಾದ ತೋಟದಲ್ಲಿ ಗಿಡಗಳಿಗೆ ನೀರು ತಿರುವುತ್ತಿದ್ದ. ನನ್ನನ್ನು ಕಂಡು ಓಡಿಬಂದು, "ಬರ್ರಿ ಮಾವಾರ, ಒಬ್ಬರೇ ಬಂದ್ರಿ? ಅಕ್ಕ ಆರಾಮ ಅದಾಳೇನ್ರಿ?" ಎಂದ.

"ಆರಾಮ ಅದಾಳ. ಆಕಿ ನಿನಗ ಏನರ ಕೇಳಿದ್ಲೇನಪ?"

"ಏನ್ರಿ?"

"ಹೊಲದ ಬಗ್ಗೆ."

"ಹೊಲದ ಬಗ್ಗೆ ಏನ್ರಿ?"

ಅವನ ಮುಖ ನೋಡಿದರೆ ಏನೂ ಗೊತ್ತಿಲ್ಲದವನಂತೆ ಇತ್ತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಅರ್ಧ ಬಿಡಿಸಿದ ಲೆಕ್ಕವನ್ನು ಬಿಟ್ಟು ಏಳುವುದು ನನ್ನಿಂದಾಗದು. "ನೋಡು ಗುರುಪಾದ, ನಾಳೆ ಆಕಿ ಪಾಲು ಕೇಳಿದ್ರ ಅದರಾಗ ನನ್ನ ಕೈವಾಡ ಐತಂತ ತಿಳ್ಕೋಬ್ಯಾಡ. ನನಗ ಅದು ಬ್ಯಾಡ. ಮೊದಲ ಹೇಳಿರ್ತೇನಿ," ಎಂದೆ.

ಗುರುಪಾದ ಕಾಲುವೆಯ ಬದುವಿನ ಮೇಲೆ ಹಾಗೇ ಕೂತುಬಿಟ್ಟ. ನೀರು ತನ್ನ ಪಾಡಿಗೆ ಬೇರೆ ಸಾಲಿಗೆ ಹರಿಯಿತು. ತಲೆ ಎತ್ತಿ ನನ್ನನ್ನು ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಅದು ನಾನು ಉತ್ತರಪತ್ರಿಕೆಗಳನ್ನು ನೋಡುವ ನೋಟ.

"ಮಾವಾರ, ನಮ್ಮ ಅಕ್ಕ ಅಂಥಾಕಿ ಅಲ್ರಿ. ನಿಮಗ ಬೇಕಾಗಿದ್ರ ನೆಟ್ಟಗ ಕೇಳ್ರಿ. ಆಕಿ ಹೆಸರು ಯಾಕ ತರ್ತೀರಿ?"

ನಾನು ಎಷ್ಟು ಬಿಡಿಸಿ ಹೇಳಿದರೂ ಅವನು ಒಪ್ಪಲಿಲ್ಲ. ಹೇಳಿದಷ್ಟೂ ಅವನ ಸಂಶಯ ಗಟ್ಟಿಯಾಯಿತು. ಬೇಡವೆಂದು ಹೇಳುವುದಕ್ಕಾಗಿಯೇ ಟೆಂಪೋ ಹತ್ತಿ ಬರುವ ಮನುಷ್ಯನನ್ನು ಯಾರು ತಾನೇ ನಂಬುತ್ತಾರೆ? ಚಹಾ ಕೊಟ್ಟ. ಸಕ್ಕರೆ ಇರಲಿಲ್ಲ.

ನಾನು ಇಂಡಿಗೆ ಮರಳುವ ಮೊದಲೇ ಅವನ ಫೋನು ಮನೆಗೆ ತಲುಪಿತ್ತು. ಮಹಾದೇವಿ ಪಡಸಾಲೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ರೆಹಾನಾ ನಿಂತಿದ್ದಳು.

"ಎಲ್ಲಿ ಹೋಗಿದ್ರಿ?" ಎಂದಳು ಮಹಾದೇವಿ.

"ಲಚ್ಯಾಣಕ್ಕ. ಮಠಕ್ಕ ಹೋಗಿ ಬಂದೆ."

"ಮಠ ನಮ್ಮ ತಮ್ಮನ ತ್ವಾಟದಾಗ ಐತೇನ್ರಿ?"

ನಾನು ಚಪ್ಪಲಿ ಬಿಡುವುದರಲ್ಲಿ ಬಹಳ ಹೊತ್ತು ಕಳೆದೆ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಅವಳ ಕಣ್ಣು ತುಂಬಿತ್ತು. ಅದನ್ನು ಕಂಡು ರೆಹಾನಾ ಹೇಳಿದಳು: "ಸರ್, ಅಕ್ಕಾರು ಹತ್ತನೇತ್ತ ಪರೀಕ್ಷಾ ಕಟ್ಯಾರ್ರಿ. ಹೊರಗಿಂದ. ನಾ ಗಣಿತ ಹೇಳಿಕೊಡಾಕತ್ತೇನಿ. ನಿಮಗ ಹೇಳಬ್ಯಾಡ ಅಂದಿದ್ರು, ಅದಕ್ಕ ಸುಮ್ಮನಿದ್ದೆ."

ಎದೆಯ ಮೇಲಿನ ಭಾರ ಇಳಿಯಬೇಕಿತ್ತು. ಇಳಿಯಿತು ಕೂಡ. ಆದರೆ ಅದು ಇಳಿದ ಜಾಗದಲ್ಲಿ ತಕ್ಷಣ ಇನ್ನೊಂದು ಬಂದು ಕೂತಿತು. ನಾನು ಈ ಊರಿನ ಗಣಿತದ ಮಾಸ್ತರ. ನನ್ನ ಹೆಂಡತಿ ಗಣಿತ ಕಲಿಯಲು ಪಕ್ಕದ ಮನೆಗೆ ಹೋಗುತ್ತಿದ್ದಾಳೆ. ಹೋಟೆಲಿನವನ ಹೆಂಡತಿ ಎದುರಿನ ಹೋಟೆಲಿನಲ್ಲಿ ಕೂತು ಇಡ್ಲಿ ತಿಂದ ಹಾಗೆ.

"ನನಗ ಕೇಳಿದ್ರ ನಾ ಕಲಿಸ್ತಿರಲಿಲ್ಲೇನು?" ಎಂದೆ.

"ಕಲಿಸ್ತಿದ್ರಿ," ಎಂದಳು ಮಹಾದೇವಿ. "ಅದಕ್ಕ ಕೇಳಲಿಲ್ಲ."

ರೆಹಾನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ನೋಡಿದಳು. ಮಹಾದೇವಿ ಮುಂದುವರಿಸಿದಳು. ಇಷ್ಟು ಮಾತು ಅವಳಿಂದ ಒಂದೇ ಸಲಕ್ಕೆ ನಾನು ಕೇಳಿದ್ದೇ ಇಲ್ಲ.

"ಸರಿ ಉತ್ತರ ಬಂದ್ರ ನೀವು ಕಳ್ಳನ್ನ ಹುಡುಕಿದಂಗ ನೋಡ್ತೀರಿ. ತಪ್ಪು ಬಂದ್ರ ಸಿಕ್ಕ ಕಳ್ಳನ್ನ ನೋಡಿದಂಗ ನೋಡ್ತೀರಿ. ನಮ್ಮ ಮಗಳು ನಿಮ್ಮ ಮುಂದ ಪಾಟಿ ಹಿಡಕೊಂಡು ಕುಂತದ್ದು ನಾ ನೋಡೇನಲ್ರಿ. ಪ್ರತಿ ವರ್ಷ ರಿಸಲ್ಟ್ ಬಂದ ದಿನ ಮನಿಗೆ ಬಂದು ಇವ ನಪಾಸ, ಆಕಿ ನಪಾಸ ಅಂತ ಹೇಳ್ತೀರಿ. ನಾ ರೊಟ್ಟಿ ಬಡೀತ ಕೇಳ್ತೇನಿ. ನನಗ ನಪಾಸ ಆಗೂ ಪಾಳೀನೂ ಬರಲಿಲ್ಲಲ್ಲ ಅಂತ ಅನಸ್ತೈತಿ. ಒಮ್ಮೆ ಕುಂತು ಬರೀಬೇಕು, ಪಾಸೋ ನಪಾಸೋ ನಂದು ನಾ ನೋಡಬೇಕು, ಅಷ್ಟ."

ಕೈಕಾಲು ತೊಳೆದು ಬಂದು ಗುರುಪಾದನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಅವನು ನಂಬಲಿಲ್ಲ. "ಅಕ್ಕಗ ಕೊಡ್ರಿ," ಎಂದ. ಅಕ್ಕ ಹೇಳಿದ ಮೇಲೂ ಪೂರ್ತಿ ನಂಬದೆ ಮರುದಿನ ಬೆಳಿಗ್ಗೆಯೇ ಒಂದು ಚೀಲ ಲಿಂಬಿಕಾಯಿಯೊಡನೆ ಬಂದಿಳಿದ. ಅವಳು ಪುಸ್ತಕಗಳನ್ನು ತಂದು ಅವನ ಮುಂದಿಟ್ಟಳು. ಅವನು ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದ. ಆಮೇಲೆ ನನ್ನ ಕಡೆಗೆ ತಿರುಗಿ, "ಅವ್ವ ಹಾಸಿಗಿ ಹಿಡಿದಾಗ ಅಕ್ಕನ್ನ ಸಾಲಿ ಬಿಡಿಸಿದ್ರು ಮಾವಾರ. ನಾ ಮಾತ್ರ ದಿನಾ ಚೀಲ ಹಾಕ್ಕೊಂಡು ಹೋಗತಿದ್ದೆ. ಬುತ್ತಿ ಕಟ್ಟಿ ಕೊಡಾಕಿ ಆಕೀನ. ಪರೀಕ್ಷಾ ದಿನ ನಾನೇ ಗಾಡಿ ತರ್ತೇನಿ," ಎಂದ. ಮಹಾದೇವಿ ಅವನಿಗೆ ಚಹಾ ತಂದಳು. ನನಗೂ ತಂದಳು, ಆದರೆ ಕೈಗೆ ಕೊಡದೆ ಎದುರಿಗೆ ಇಟ್ಟು ಹೋದಳು. ಆ ಎರಡರ ನಡುವಿನ ಅಂತರ ನನಗೆ ತಿಳಿಯಿತು.

ಕ್ಷಮೆ ಕೇಳುವ ರೀತಿಯಲ್ಲಿ, ಸಂಖ್ಯಾಶಾಸ್ತ್ರದ ಅಧ್ಯಾಯವನ್ನಾದರೂ ನಾನು ಹೇಳಿಕೊಡುತ್ತೇನೆಂದೆ. "ಪರೀಕ್ಷಾ ಮುಗಿಯೂ ತನಕ ನೀವು ಬರೇ ಹಾಲು ತರ್ರಿ," ಎಂದಳು. ತಂದೆ. ಅಷ್ಟೇ ಅಲ್ಲ, ಅನ್ನ ಇಟ್ಟೆ, ಸಾರು ಕುದಿಸಿದೆ. ಪಕ್ಕದ ಮನೆಯಿಂದ ಗೋಡೆ ದಾಟಿ ವರ್ಗಾಂತರ, ಆವೃತ್ತಿ ಎಂಬ ಶಬ್ದಗಳು ಕೇಳಿದಾಗ ಸೌಟು ಹಿಡಿದುಕೊಂಡೇ ಗೋಡೆಗೆ ಕಿವಿ ಹಚ್ಚುತ್ತಿದ್ದೆ. ರೆಹಾನಾ ಒಂದು ಹಂತವನ್ನು ಹಾರಿಸಿದಂತೆ ಅನಿಸಿದಾಗ ಎದ್ದು ಹೋಗಿ ಹೇಳಬೇಕೆನಿಸುತ್ತಿತ್ತು. ಸಾರು ಉಕ್ಕಿ ನನ್ನನ್ನು ಉಳಿಸಿತು.

ಪರೀಕ್ಷೆಯ ಕೇಂದ್ರ ಸಿಂದಗಿಗೆ ಬಂದಿತ್ತು. ಗಣಿತದ ದಿನ ಗುರುಪಾದ ಲಿಂಬಿ ಒಯ್ಯುವ ಗಾಡಿ ತೊಳೆದು ತಂದ. ಮಹಾದೇವಿ ಮುಂದೆ, ನಾನು ಹಿಂದೆ. ಅಲ್ಲಿ ಮಕ್ಕಳನ್ನು ಬಿಡಲು ಬಂದ ತಂದೆ-ತಾಯಿಗಳ ನಡುವೆ ನಾನೂ ನಿಂತೆ. ಮಹಾದೇವಿ ಆ ಹುಡುಗ-ಹುಡುಗಿಯರ ಸಾಲಿನಲ್ಲಿ, ಅವರ ತಾಯಂದಿರಿಗಿಂತ ಹಿರಿಯಳಾಗಿ, ಇಳಕಲ್ ಸೀರೆ ಉಟ್ಟು, ನೀರಿನ ಬಾಟ್ಲಿ ಹಿಡಿದು ಒಳಗೆ ಹೋದಳು. ತಿರುಗಿ ಒಮ್ಮೆ ನೋಡಿದಳು. ನಾನು ಕೈ ಎತ್ತಿ ಬೀಸಿದೆ. ನನ್ನ ಮಗಳ ಪರೀಕ್ಷೆಗೂ ಹಾಗೆ ಬೀಸಿರಲಿಲ್ಲ.

ಪಕ್ಕದಲ್ಲಿದ್ದ ಹೆಣ್ಣುಮಗಳೊಬ್ಬಳು ಕೇಳಿದಳು: "ಮಗಳೇನ್ರಿ ಒಳಗ?"

"ಅಲ್ರಿ, ಹೆಂಡ್ತಿ."

ಅವಳು ತನ್ನ ಚೀಲವನ್ನು ನನ್ನಿಂದ ಸ್ವಲ್ಪ ಆಚೆಗೆ ಎಳೆದುಕೊಂಡಳು.

ನಿಂತಲ್ಲಿ ನಿಲ್ಲಲಾರದೆ ನಾನು ಕಂಪೌಂಡಿನ ಗುಂಟ ಅಡ್ಡಾಡತೊಡಗಿದೆ. ಯಾವ ಕೋಣೆ, ಯಾವ ಕಿಟಕಿ ಎಂದು ಕತ್ತು ಉದ್ದ ಮಾಡಿ ನೋಡುತ್ತಿದ್ದಾಗ ಹಿಂದಿನಿಂದ ಪೊಲೀಸಪ್ಪನ ದನಿ ಬಂತು: "ಏ ಸಾಹೇಬ್ರ, ಕಿಡಕಿ ಕಡೆ ಏನ್ ನೋಡಾಕತ್ತೀರಿ? ಯಾರಿಗೆ ಚೀಟಿ ಒಗ್ಯಾಕ ಬಂದೀರಿ?"

ನಾನು ಎದೆ ಸೆಟೆಸಿ, "ನಾನು ಗಣಿತದ ಮಾಸ್ತರ," ಎಂದೆ.

"ಹಂಗಾದ್ರ ಇನ್ನಷ್ಟು ದೂರ ನಿಂದರ್ರಿ," ಎಂದ. ನಿಂತೆ. ಮನುಷ್ಯ ತನ್ನ ಕೆಲಸ ಬಲ್ಲವನು. ಅವನ ಜಾಗದಲ್ಲಿ ನಾನಿದ್ದರೆ ಜೇಬನ್ನೂ ನೋಡುತ್ತಿದ್ದೆ.

ಗಂಟೆ ಬಾರಿಸಿದ ಮೇಲೆ ಮಹಾದೇವಿ ಹೊರಬಂದಳು. "ಹೆಂಗಾತು?" ಎಂದು ಓಡಿಹೋದೆ. "ಬರದೇನಿ," ಎಂದಳು. ಪ್ರಶ್ನೆಪತ್ರಿಕೆಗೆ ಕೈ ಚಾಚಿದೆ. ಗುರುಪಾದ ನಡುವೆ ಬಂದು, "ಮಾವಾರ, ಮೊದಲ ಊಟ," ಎಂದ. ಸಿಂದಗಿಯ ಖಾನಾವಳಿಯಲ್ಲಿ ಎದುರುಬದುರು ಕೂತು ಊಟ ಮಾಡಿದೆವು. ಅವಳು ಹಸಿದಿದ್ದಳು. ನಾನು ಪ್ರಶ್ನೆಪತ್ರಿಕೆಯ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಇದನ್ನು ಯಾರಾದರೂ ಎಲ್ಲಾದರೂ ನಮೂದಿಸಬೇಕು.

ಫಲಿತಾಂಶದ ದಿನ ರೆಹಾನಾ ತನ್ನ ಫೋನಿನಲ್ಲಿ ನೋಡಿ ಗೋಡೆಯಾಚೆಯಿಂದಲೇ ಕೂಗಿದಳು, "ಅಕ್ಕಾರ, ಪಾಸ್! ಎಲ್ಲಾದ್ರಾಗೂ ಪಾಸ್!" ಗಣಿತದಲ್ಲಿ ಬಂದ ಅಂಕ ನಾನು ಮನಸ್ಸಿನಲ್ಲಿ ಅಂದಾಜು ಮಾಡಿದ್ದಕ್ಕಿಂತ ಬಹಳ ಹೆಚ್ಚಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ನನ್ನ ಫೋನಿನಲ್ಲಿ ಮತ್ತೊಮ್ಮೆ ನೋಡಿದೆ. ಆಮೇಲೆ ಶಾಲೆಗೆ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿಯೂ ನೋಡಿ ಬಂದೆ. ಬರುವಷ್ಟರಲ್ಲಿ ಮಹಾದೇವಿ ಹೋಳಿಗೆ ಮಾಡಿಟ್ಟಿದ್ದಳು. ಬಡಿಸುತ್ತ, "ಮೂರೂ ಕಡೆ ನೋಡಿ ಬಂದ್ರೇನು? ಸರಾಸರಿ ಎಷ್ಟಾತ್ರಿ?" ಎಂದಳು. ಈ ಸಲ ಚಹಾ ಕೈಗೇ ಕೊಟ್ಟಳು.

ಕೆಲವು ದಿನ ಕಳೆದ ಮೇಲೆ ಬಾಗವಾನರ ಹೆಂಡತಿಯೂ, ಅವರ ಸಂಗಡ ಓಣಿಯ ಇನ್ನಿಬ್ಬರು ಹೆಂಗಸರೂ ನಮ್ಮ ಬಾಗಿಲಿಗೆ ಬಂದರು. ಅವರೂ ಪರೀಕ್ಷೆ ಕಟ್ಟುವವರಂತೆ, ಗಣಿತದ್ದೇ ಹೆದರಿಕೆಯಂತೆ. ನಾನು ಅಂಗಿ ಹಾಕಿಕೊಂಡು, ಕನ್ನಡಕ ಒರೆಸಿಕೊಂಡು ಹೊರಗೆ ಬಂದು, "ಬರ್ರಿ, ಕುಂದರ್ರಿ. ಎಲ್ಲಿಂದ ಸುರು ಮಾಡೂಣು?" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಾಗವಾನರ ಹೆಂಡತಿ ಮೆಲ್ಲಗೆ ಕೇಳಿದರು: "ಅಕ್ಕಾರು ಮನ್ಯಾಗ ಇಲ್ಲೇನ್ರಿ ಸರ್?"

ಈಗ ವಾರದಲ್ಲಿ ಕೆಲವು ಸಂಜೆ ನಮ್ಮ ಪಡಸಾಲೆಯಲ್ಲಿ ಮಹಾದೇವಿಯ ತರಗತಿ ನಡೆಯುತ್ತದೆ. ರೆಹಾನಾ ಕೂಡ ಬರುತ್ತಾಳೆ. ಚಹಾದ ವ್ಯವಸ್ಥೆ ನನ್ನದು. ನಿನ್ನೆ ಸರಾಸರಿಯ ಪಾಠವಿತ್ತು, ನಾನು ಚಹಾ ಸೋಸುತ್ತಿದ್ದಾಗ ಪಡಸಾಲೆಯಲ್ಲಿ ಒಮ್ಮೆಲೇ ದೊಡ್ಡ ನಗು ಎದ್ದಿತು. ನಾನು ಕೈಯಲ್ಲಿ ಸೋಸಣಿಗೆ ಹಿಡಿದು ಹಾಗೇ ನಿಂತೆ. ಸರಾಸರಿಯಲ್ಲಿ ನಗುವಂಥದ್ದು ಏನಿದೆ? ನಾನು ಇಷ್ಟು ವರ್ಷ ಕಲಿಸಿದ್ದೇನೆ, ಒಮ್ಮೆಯೂ ಯಾರೂ ನಕ್ಕಿಲ್ಲ. ತಾಟಿನಲ್ಲಿ ಕಪ್ಪುಗಳನ್ನು ಇಟ್ಟುಕೊಂಡು ಬಾಗಿಲು ತಳ್ಳಿದೆ. ನಗು ತಟಕ್ಕನೆ ನಿಂತಿತು. ಎಲ್ಲರೂ ಪುಸ್ತಕ ನೋಡತೊಡಗಿದರು. ಬಾಗವಾನರ ಹೆಂಡತಿಯ ಪುಸ್ತಕ ತಲೆಕೆಳಗಾಗಿತ್ತು.

"ಏನ್ ನಡದೈತಿ?" ಎಂದೆ.

"ಏನಿಲ್ರಿ, ಒಂದು ಉದಾಹರಣಿ ಹೇಳಾಕತ್ತಿದ್ದೆ," ಎಂದಳು ಮಹಾದೇವಿ, ಮುಖ ನೆಟ್ಟಗೆ ಇಟ್ಟುಕೊಂಡು.

"ಯಾರ ಉದಾಹರಣಿ?"

"ಪುಸ್ತಕದಾಗಿಂದು. ಚಾ ಅಲ್ಲಿಟ್ಟು ಹೋಗ್ರಿ."

ಇಟ್ಟು ಹೋದೆ. ಬಾಗಿಲು ಮುಚ್ಚಿದ ಮೇಲೆ ನಗು ಮತ್ತೆ ಕೇಳಿತು, ಮೊದಲಿಗಿಂತ ಜೋರಾಗಿ. ರಾತ್ರಿ ಆ ಪುಸ್ತಕವನ್ನು ತೆಗೆದು ಸಂಖ್ಯಾಶಾಸ್ತ್ರದ ಅಧ್ಯಾಯದ ಉದಾಹರಣೆಗಳನ್ನೆಲ್ಲ ಒಂದೊಂದಾಗಿ ಓದಿದೆ. ಅಂಥ ನಗುವಿನದು ಒಂದೂ ಸಿಗಲಿಲ್ಲ. ಹಾಗಾದರೆ ಆ ಉದಾಹರಣೆ ಯಾರು ಎನ್ನುವುದನ್ನು ನಾನು ಸಾಧಿಸಿದ್ದೇನೆ. ಹಂತಗಳೆಲ್ಲ ಸರಿಯಿವೆ, ಉತ್ತರವೂ ಸರಿ ಇದೆ, ಜೀವಮಾನದಲ್ಲಿ ಮೊದಲ ಸಲ ನನಗೆ ಸರಿ ಉತ್ತರವೊಂದರ ಮೇಲೆ ಯಾವ ಸಂಶಯವೂ ಬಂದಿಲ್ಲ.